ಮಕ್ರಾನದ ಬಿಳಿ, ಕಾರ್ಕಳದ ಕಪ್ಪು

ಜೈಪುರದಲ್ಲಿ ಚಪಾತಿ ಲಟ್ಟಿಸುವ ಮಣೆ ಎಷ್ಟೋ ಮನೆಗಳಲ್ಲಿ ಅಮೃತಶಿಲೆಯದ್ದು. ಸುಡುಬೇಸಿಗೆಯಲ್ಲೂ ಕೈಗೆ ತಣ್ಣಗೆ ತಾಗುತ್ತದೆ. ಅಂಚು ಚೂರು ಹಾರಿದರೂ ಅದನ್ನು ಯಾರೂ ಎಸೆಯುವುದಿಲ್ಲ. ಉಡುಪಿ, ಮಂಗಳೂರಿನ ನಮ್ಮವರು ಮಾರ್ಬಲ್ ಎಂದರೆ ಚಾವಡಿಯಿಂದ ಅಡುಗೆಮನೆಯವರೆಗೆ ನೆಲಕ್ಕೆಲ್ಲ ಹಾಸುತ್ತಾರೆ, ಆಮೇಲೆ ಕಲೆ ಬಿತ್ತೆಂದು ಕೊರಗುತ್ತಾರೆ. ಈ ಕಲ್ಲಿನ ಚಂದ ಕೈಯಲ್ಲಿ ಮಾಡಿದ ಸಣ್ಣ ವಸ್ತುಗಳಲ್ಲೇ ಹೆಚ್ಚು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಸುಣ್ಣಕಲ್ಲು ಭೂಮಿಯೊಳಗಿನ ಶಾಖ, ಒತ್ತಡಕ್ಕೆ ಸಿಕ್ಕಿ ಹರಳುಗಟ್ಟಿದರೆ ಅಮೃತಶಿಲೆ. ಕಲ್ಲಿನ ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಮಾಪಕದಲ್ಲಿ ಅದು 3ರ ಆಸುಪಾಸು. ಗ್ರಾನೈಟಿನದ್ದು 6ರಿಂದ 7. ಹುಳಿ ಬಿದ್ದಲ್ಲಿ ಕಲ್ಲೇ ಸ್ವಲ್ಪ ಕರಗಿ ಹೊಳಪು ಹೋಗುತ್ತದೆ. ಹುಣಸೆ, ಲಿಂಬೆ, ಪುನರ್ಪುಳಿ ಇಲ್ಲದೆ ಒಂದು ದಿನವೂ ಸಾಗದ ನಮ್ಮ ಅಡುಗೆಕಟ್ಟೆಗೆ ಇದು ಹೇಗೆ ಹೊಂದೀತು?

ಆದರೆ ಈ ಮೃದುತನದಿಂದಲೇ ಅದು ಉಳಿಗೆ ಒಲಿಯುತ್ತದೆ. ಜೈಪುರದ ಖಜಾನೇವಾಲೋ ಕಾ ರಾಸ್ತಾ ಎಂಬ ಬೀದಿಯಲ್ಲಿ ಮೂರ್ತಿ ಕೆತ್ತುವವರ ಅಂಗಡಿಗಳ ಸಾಲೇ ಇದೆ. ರಸ್ತೆ, ಮರದೆಲೆ, ಕೆತ್ತುವವರ ಹುಬ್ಬು ಎಲ್ಲವೂ ಬಿಳಿ ಪುಡಿಮಯ. ಕಲ್ಲನ್ನು ಒದ್ದೆ ಮಾಡಿದರೆ ಒಳಗಿನ ಗೆರೆ, ಬಿರುಕು ಎದ್ದು ಕಾಣುತ್ತವೆ. ತಟ್ಟಿದರೆ ಗಟ್ಟಿ ಕಲ್ಲು ಗಣಗಣ ಎನ್ನುತ್ತದೆ, ಬಿರುಕಿದ್ದರೆ ಸದ್ದು ಸಪ್ಪೆ. ಯಾವ ಗೆರೆಯನ್ನು ಎಲ್ಲಿ ಉಳಿಸಿಕೊಳ್ಳಬೇಕು ಎಂಬ ವಿವೇಚನೆ ಯಂತ್ರಕ್ಕೆಲ್ಲಿಂದ ಬರಬೇಕು! ರಾಜಸ್ಥಾನದ ಮಕ್ರಾನ ಎಂಬ ಊರಿನ ಬಿಳಿ ಅಮೃತಶಿಲೆಯನ್ನು ತೆಳ್ಳಗೆ ಕಡೆದ ಬಟ್ಟಲಿನೊಳಗೆ ದೀಪವಿಟ್ಟು ನೋಡಿ, ಬೆಳಕು ಕಲ್ಲಿನೊಳಕ್ಕೆ ಇಳಿದು ಅಂಚೆಲ್ಲ ಹೊಳೆಯುತ್ತದೆ. ತಾಜ್ ಮಹಲಿಗೂ ಕೋಲ್ಕತ್ತದ ವಿಕ್ಟೋರಿಯಾ ಮೆಮೋರಿಯಲ್‌ಗೂ ಹೋದದ್ದು ಇದೇ ಕಲ್ಲು.

ಕೊಳ್ಳುವಾಗ ಅಂಚನ್ನು ನೋಡಿ. ನಿಜವಾದ ಕಲ್ಲಿನಲ್ಲಿ ಮೇಲಿನ ಗೆರೆ ಪಕ್ಕದಲ್ಲೂ ಮುಂದುವರಿಯುತ್ತದೆ. ಮೇಲೆ ಅಚ್ಚು ಹಾಕಿದ್ದಾದರೆ ಅಂಚಿಗೆ ಬಂದು ನಿಲ್ಲುತ್ತದೆ. ಎರಡು ಒಂದೇ ಥರದ ಬಟ್ಟಲು ಸಿಕ್ಕವೆಂದರೆ ಅನುಮಾನ ಪಡಿ.

ಇಷ್ಟು ದೂರ ಬಂದ ಮೇಲೆ ನನ್ನನ್ನು ಹೆಚ್ಚು ಕಾಡುವುದು ಊರಿನ ಕಲ್ಲೇ. 1432ರಲ್ಲಿ 42 ಅಡಿಯ ಗೊಮ್ಮಟನನ್ನು ನಿಲ್ಲಿಸಿದ ಕಾರ್ಕಳದಲ್ಲಿ ಕಲ್ಲು ಕೆತ್ತುವ ಕೈಗಳು ಈಗಲೂ ಇವೆ. ಆದರೆ ನಾವು ಅವರ ಬಳಿ ಹೋಗುವುದು ದೈವಸ್ಥಾನದ, ದೇವಸ್ಥಾನದ ಕೆಲಸಕ್ಕೆ ಮಾತ್ರ. ಮಿಕ್ಸಿ, ಗ್ರೈಂಡರ್ ಬಂದ ಮೇಲೆ ಕಡೆಯುವ ಕಲ್ಲೂ ಎಷ್ಟೋ ಮನೆಗಳಲ್ಲಿ ಹಿತ್ತಿಲು ಸೇರಿತು. ರಾಜಸ್ಥಾನದವರು ತಮ್ಮ ಕಲ್ಲನ್ನು ಮಣೆ, ಬಟ್ಟಲು, ದೀಪದ ಕಂಬ, ಮೇಜಿನ ಹಲಗೆ ಮಾಡಿ ಮನೆಯೊಳಗೇ ಇಟ್ಟುಕೊಂಡರು. ಕೆತ್ತುವವರಿಗೆ ವರ್ಷವಿಡೀ ಕೆಲಸವಾಯಿತು.

ದೇವರ ಕೋಣೆಗೆ ಮಕ್ರಾನದ ಪುಟ್ಟ ಮಂಟಪ ಬೇಕಾದರೆ ಖಂಡಿತ ತನ್ನಿ, ಕೈಯಲ್ಲಿ ಕೆತ್ತಿದ್ದನ್ನೇ ತನ್ನಿ. ಅದರ ಮುಂದಿಡುವ ಕಪ್ಪುಕಲ್ಲಿನ ದೀಪವನ್ನು ಮಾತ್ರ ಕಾರ್ಕಳದಲ್ಲೇ ಹೇಳಿ ಮಾಡಿಸಿ, ಕೇಳಿದಷ್ಟು ಕೂಲಿ ಕೊಡಿ.