ನ್ಯಾಯಕ್ಕೂ ಕಾಪಿ ಚೀಟಿ

ಮೆಕ್ಸಿಕೋದವರಿಗೆ ನನ್ನದೊಂದು ದೊಡ್ಡ ನಮಸ್ಕಾರ. ಜಡ್ಜ್‌ಗಳನ್ನೂ ವೋಟು ಹಾಕಿಯೇ ಆರಿಸಬೇಕು ಅಂತ 2024ರಲ್ಲಿ ಸಂವಿಧಾನ ತಿದ್ದಿದರು. 2025ರ ಜೂನ್ 1ಕ್ಕೆ ಅರ್ಧದಷ್ಟು ಜನರನ್ನು ಆರಿಸಿಯೂ ಬಿಟ್ಟರು. ಸುಪ್ರೀಂ ಕೋರ್ಟಿನಿಂದ ಹಿಡಿದು ಕೆಳಗಿನ ತನಕ, ಕೇಂದ್ರದ ಕುರ್ಚಿಗಳೇ 881.

ಯಾವ ಜಡ್ಜ್ ಈ ಸಲ ಮನೆಗೆ, ಯಾರು ಮುಂದಿನ ಸಲ? ಅದಕ್ಕೆ ಸೆನೆಟ್‌ನಲ್ಲೇ ನಂಬರ್ ಚೆಂಡು ತುಂಬಿ ಗರಗರ ತಿರುಗಿಸಿದರು. ಹೌದು, ನಮ್ಮ ಕ್ಲಬ್ಬುಗಳಲ್ಲಿ ಆಡುತ್ತಾರಲ್ಲ, ಅದೇ ತಂಬೋಲ. ಬಹುಮಾನ ಮಾತ್ರ ಉಲ್ಟಾ: ನಂಬರ್ ಬಂದವನ ಕೆಲಸಕ್ಕೇ ಸಂಚಕಾರ.

ಅಭ್ಯರ್ಥಿ ಆಗಬೇಕಾದರೆ ಕಾನೂನು ಪದವಿ, ಒಳ್ಳೆಯ ಅಂಕ, ಜೊತೆಗೆ ಐದು ಶಿಫಾರಸು ಪತ್ರ. ಅಕ್ಕಪಕ್ಕದ ಮನೆಯವರದ್ದೂ ನಡೆಯುತ್ತದೆ. ನಮ್ಮ ಪಕ್ಕದ ಮನೆಯವರನ್ನು ಕೇಳಿದರೆ 'ಮೊದಲು ಗೇಟಿನ ಮುಂದಿನ ಸ್ಕೂಟರ್ ತೆಗೀರಿ, ಆಮೇಲೆ ಪತ್ರ' ಅಂದಾರು.

ಒಬ್ಬರಂತೂ 'ನಾನು ಚಿಚರೋನ್‌ಗಿಂತ ಜಾಸ್ತಿ ತಯಾರಾಗಿದ್ದೇನೆ' ಅಂತ ವಿಡಿಯೋ ಮಾಡಿದರು. ಅದು ಅಲ್ಲಿನ ಬೀದಿ ಬದಿಯ ಕುರುಕಲು. ಮೇಲೆ ಕ್ರೀಮು, ಕೋಸು, ಖಾರ ಎಲ್ಲ ಸುರಿದು 'ತಯಾರು' ಮಾಡಿ ಕೊಡುತ್ತಾರೆ. ನಮ್ಮ ಮಸಾಲೆ ಪೂರಿಯ ದೂರದ ನೆಂಟ ಅನ್ನಿ. ಅವರು ಗೆದ್ದರು, ಸುಪ್ರೀಂ ಕೋರ್ಟಿಗೇ ಹೋದರು. ಓದಿಕೊಂಡವರೇ ಪಾಪ. ಆದರೆ ಓದಿದ್ದನ್ನು ಯಾರು ನೋಡುತ್ತಾರೆ, ಅಲ್ವಾ?

ಇನ್ನು ಮತದಾರ. ಕೈಗೆ ಆರು ಬಣ್ಣದ ಆರು ಬ್ಯಾಲೆಟ್. ಮೆಕ್ಸಿಕೋ ನಗರದಲ್ಲಿ ಒಂಬತ್ತು. ಸುಪ್ರೀಂ ಕೋರ್ಟಿನ ಒಂದೇ ಹಾಳೆಯಲ್ಲಿ 64 ಹೆಸರು. ಅದರಲ್ಲಿ ಐವರು ಹೆಂಗಸರು, ನಾಲ್ವರು ಗಂಡಸರನ್ನು ಆರಿಸಿ, ಚೌಕದೊಳಗೆ ನಂಬರ್ ಬರೆಯಬೇಕು. ಯಾರಿಗೆ ನೆನಪಿರುತ್ತದೆ? ಅದಕ್ಕೇ ಬಂತು 'ಅಕಾರ್ಡಿಯನ್'. ಪರೀಕ್ಷೆಯ ಕಾಪಿ ಚೀಟಿಗೆ ಅಲ್ಲಿನ ಹುಡುಗರು ಇಟ್ಟ ಹೆಸರು ಅದು, ಮಡಿಕೆ ಮಡಿಕೆಯಾಗಿ ಇರುತ್ತದಲ್ಲ. ನಮ್ಮ ಕ್ಲಾಸಿನಲ್ಲೂ ಒಬ್ಬನಿದ್ದ, ಇಡೀ ಇತಿಹಾಸವನ್ನು ಕಾಲುಚೀಲದಲ್ಲಿ ಇಟ್ಟುಕೊಂಡು ಬರುತ್ತಿದ್ದ. ಆದರೆ ಅವನು ರಾತ್ರಿ ನಿದ್ದೆಗೆಟ್ಟು ತಾನೇ ಬರೆಯುತ್ತಿದ್ದ, ಬರೆಯುತ್ತಾ ಅರ್ಧ ಪಾಠ ಕಲಿತೂ ಬಿಡುತ್ತಿದ್ದ! ಮೆಕ್ಸಿಕೋದಲ್ಲಿ ಆ ಕಷ್ಟವೂ ಇಲ್ಲ. ಅಚ್ಚು ಹಾಕಿಸಿ ಕೈಗೆ ಕೊಟ್ಟರು. ಗೆದ್ದ ಒಂಬತ್ತೂ ಜನರ ಹೆಸರು ಆ ಚೀಟಿಗಳಲ್ಲಿ ಮೊದಲೇ ಇತ್ತು. ಫಲಿತಾಂಶಕ್ಕೆ ಕಾಯುವ ತೊಂದರೆಯೂ ತಪ್ಪಿತು.

ವೋಟು ಹಾಕಿದ್ದು ನೂರಕ್ಕೆ ಹದಿಮೂರು ಜನ. ಅಧ್ಯಕ್ಷೆ ಕ್ಲೌಡಿಯಾ ಶೇನ್‌ಬಾಮ್ ಪ್ರಕಾರ ಭರ್ಜರಿ ಯಶಸ್ಸು.

ಹಳೆಯ ಕೋರ್ಟುಗಳೇನು ಸಾಚಾ ಇರಲಿಲ್ಲ. ಮಾವ, ಭಾವ, ಭಾಮೈದ ಅಂತ ತುಂಬಿಕೊಂಡಿದ್ದರು. ಅದಕ್ಕೆ ನಾನು ಅಳುವುದಿಲ್ಲ. ಆದರೆ ಆ ದೇಶದಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಜನ ಕಾಣೆಯಾಗಿದ್ದಾರೆ. ಅವರ ತಾಯಂದಿರು ತಾವೇ ಸಲಿಕೆ ಹಿಡಿದು ಮಣ್ಣು ಅಗೆದು ಮೂಳೆ ಹುಡುಕುತ್ತಿದ್ದಾರೆ. ಅಂಥ ಹೆಚ್ಚಿನ ಕೇಸುಗಳು ಜಡ್ಜ್ ಮೇಜಿನ ತನಕ ಬರುವುದೇ ಇಲ್ಲ ಕಣ್ರೀ. ಪೊಲೀಸರ ಹತ್ತಿರ, ಸರ್ಕಾರಿ ವಕೀಲರ ಕಚೇರಿಯಲ್ಲೇ ಕೊಳೆಯುತ್ತವೆ. ಈ ಮಹಾ ಸುಧಾರಣೆ ಅವರ ಕುರ್ಚಿ ಮುಟ್ಟಲಿಲ್ಲ. ಮುಟ್ಟಿದ್ದು ಚೆಂಡುಗಳನ್ನು ಮಾತ್ರ.

ಉಳಿದರ್ಧ ಚೆಂಡುಗಳ ಸರದಿ ಇನ್ನೂ ಬಾಕಿ ಇದೆ.