ಹಿಂಡಿ ದುಡ್ಡು ಎಲ್ಲಿ ಹೋಯಿತು?

ಮುಧೋಳದ ಹತ್ತಿರ ನಮ್ಮೂರು. ಅವ್ವ ದಿನಾ ಎರಡು ಹೊತ್ತು ಸೇರಿ 8 ಲೀಟರ್ ಹಾಲು ಡೇರಿಗೆ ಹಾಕುತ್ತಾಳೆ. ಲೀಟರಿಗೆ 5 ರೂಪಾಯಿ ಸರ್ಕಾರದ ಪ್ರೋತ್ಸಾಹಧನ ಅಂದರೆ ತಿಂಗಳಿಗೆ 1,200 ರೂಪಾಯಿ. ಅದೇ ನಮ್ಮ ಎಮ್ಮೆಯ ಹಿಂಡಿ ದುಡ್ಡು. ಐದು ತಿಂಗಳಿಂದ ಒಂದು ಪೈಸೆ ಬಂದಿಲ್ಲ.

ಡೇರಿಯವರು ಇಲಾಖೆಯ ಕಡೆ ಕೈ ತೋರಿಸುತ್ತಾರೆ. ಇಲಾಖೆಯವರು ಬ್ಯಾಂಕಿಗೆ ಹೋಗಿ ಅನ್ನುತ್ತಾರೆ. ಬ್ಯಾಂಕಿನಲ್ಲಿ ಆಧಾರ್ ಜೋಡಣೆ ಸರಿಯಾಗಿಯೇ ಇದೆ. ಪಾಸ್‌ಬುಕ್ಕಿನಲ್ಲಿ ಅವ್ವನ ಹೆಸರಿನ ಒಂದು ಅಕ್ಷರ ಬೇರೆ ಇದೆ ಅಂದರು ಒಬ್ಬರು. ಹಾಗಾದರೆ ಹೋದ ವರ್ಷ ಅದೇ ಖಾತೆಗೆ ಹೇಗೆ ಬಂತು? ಹಾಲಿನಲ್ಲಿ ಫ್ಯಾಟ್ ಸ್ವಲ್ಪ ಕಡಿಮೆ ಬಂದರೆ ಅವತ್ತೇ ರೇಟು ಇಳಿಯುತ್ತದೆ, ಅದಕ್ಕೆ ಮಾತ್ರ ತಡ ಇಲ್ಲ ಅಲ್ವಾ!

ಹಿಂಡಿ ಅಂಗಡಿಯಲ್ಲಿ ಉದ್ರಿ ಕೇಳುವಾಗ ಅವ್ವ ತಲೆ ತಗ್ಗಿಸುತ್ತಾಳೆ. ನನಗೆ ಅದನ್ನು ನೋಡಲು ಆಗುವುದಿಲ್ಲ.