ಯಮ ನಿಮ್ಮನ್ನು ‘ನೀವು’ ಅನ್ನುತ್ತಾನಾ?

“ಈ ಮನೇಲಿ, ಇವತ್ತು ಕೂತ್ಕೊಂಡು ಯಮನ ಕಥೆ ಓದ್ತಿದ್ದೀಯಾ?” ಅಂದರು ಚಿಕ್ಕಮ್ಮ.

ಚಿಕ್ಕಪ್ಪ ಹೋಗಿ ಆರನೇ ದಿನ. ನಾನು ಸ್ವಿಂಡನ್‌ನಿಂದ ಹೊರಟು ತ್ಯಾಗರಾಜನಗರ ಮುಟ್ಟುವಷ್ಟರಲ್ಲಿ ಬನಶಂಕರಿ ಚಿತಾಗಾರದ ಕೆಲಸ ಮುಗಿದಿತ್ತು. ಮುಖ ನೋಡಲು ಸಿಗಲಿಲ್ಲ. ಇಂಗ್ಲೆಂಡಿನಲ್ಲಾದರೆ ಸಾವಿಗೂ ಸಂಸ್ಕಾರಕ್ಕೂ ನಡುವೆ ಎರಡು ಮೂರು ವಾರ ಹಿಡಿಯುವುದು ಮಾಮೂಲು. ಹದಿನಾಲ್ಕು ವರ್ಷದಿಂದ ಆ ನಿಧಾನವನ್ನು ಆಡಿಕೊಂಡವನು ನಾನು. ಈ ಸಲ ಮಾತ್ರ ಅದೇ ವಾಸಿ ಅನ್ನಿಸಿತು. ಚಿಕ್ಕಮ್ಮನ ಎದುರು ಹೇಳಲಿಲ್ಲ.

ಕೈಯಲ್ಲಿದ್ದದ್ದು ಟೆರ್ರಿ ಪ್ರಾಚೆಟ್ ಅವರ ಕಾದಂಬರಿ. ನಾನಿರುವ ವಿಲ್ಟ್‌ಶೈರ್ ಜಿಲ್ಲೆಯಲ್ಲೇ ಅವರೂ ಬಹಳ ವರ್ಷ ಇದ್ದರು. ಡಿಸ್ಕ್‌ವರ್ಲ್ಡ್ ಅನ್ನುವ ಅವರ ನಗೆ ಲೋಕದಲ್ಲಿ 1983ರಿಂದ ಶುರುವಾಗಿ 41 ಕಾದಂಬರಿಗಳಿವೆ. ಎರಡನ್ನು ಬಿಟ್ಟು ಎಲ್ಲದರಲ್ಲೂ ಒಬ್ಬ ಬರುತ್ತಾನೆ: ಏಳಡಿ ಎತ್ತರದ ಅಸ್ಥಿಪಂಜರ, ಕರಿ ನಿಲುವಂಗಿ, ಉದ್ದ ಹಿಡಿಯ ಕುಡುಗೋಲು. ಹೆಸರು ಡೆತ್.

“ಕೋಣ ಎಲ್ಲಿ?” ಅಂದರು ಚಿಕ್ಕಮ್ಮ.

“ಕೋಣ ಇಲ್ಲ, ಬಿಳಿ ಕುದುರೆ. ಬಿಂಕಿ ಅಂತ ಹೆಸರು.”

“ಬಿಂಕದ ಕುದುರೆಯಾ!” ಆರು ದಿನದಲ್ಲಿ ಅವರು ನಕ್ಕಿದ್ದು ಅದೇ ಮೊದಲು.

ಪಕ್ಕದ ಕೋಣೆಯಲ್ಲಿ ಗರುಡಪುರಾಣ ನಡೆಯುತ್ತಿತ್ತು. ವೈತರಣಿ ದಾಟಿ, ಕುಂಭೀಪಾಕದ ಎಣ್ಣೆ ಕಾಯುವ ಹೊತ್ತಿಗೆ ಚಿಕ್ಕಮ್ಮ ಎದ್ದು ಕಾಫಿ ಸೋಸಲು ಹೋದರು. ನಿನ್ನೆಯೂ ಸರಿಯಾಗಿ ಅಲ್ಲಿಗೇ ಎದ್ದಿದ್ದರು.

“ಸಾವಿನ ಜೊತೆ ತಮಾಷೆ ಮಾಡೋದು ಬಿಳಿಯರಿಗೆ ಗೊತ್ತಿಲ್ಲ, ನಮಗೆ ಗೊತ್ತು” ಅಂತ ಹೊರದೇಶದ ಕನ್ನಡಿಗರು ಹೇಳುವುದನ್ನು ಕೇಳಿದ್ದೇನೆ. ನಾನೂ ಹೇಳಿದ್ದೇನೆ. ಯಮಭಾರ, ಯಮಯಾತನೆ, ಯಮಕಿಂಕರ ಅಂತ ದಿನಕ್ಕೆ ನಾಲ್ಕು ಸಲ ಅವನನ್ನು ಕರೆಯುವವರು ನಾವು. ಬೆಂಗಳೂರಿನ ಟ್ರಾಫಿಕ್ ಪೊಲೀಸರು 2018ರಲ್ಲಿ ಯಮನ ವೇಷದವನನ್ನು ರಸ್ತೆಗಿಳಿಸಿ, ಹೆಲ್ಮೆಟ್ ಹಾಕದವರಿಗೆ ಬುದ್ಧಿ ಹೇಳಿಸಿದ್ದರು. ಜನ ಕಿರೀಟಧಾರಿಯ ಪಕ್ಕ ನಿಂತು ಸೆಲ್ಫಿ ತೆಗೆದುಕೊಂಡರು.

ಆದರೆ ನಮ್ಮ ನಗು ಯಾವುದರ ಮೇಲೆ ಅಂತ ನೋಡಿ. ಚಿತ್ರಗುಪ್ತನ ಲೆಕ್ಕ ತಪ್ಪಿತು. ಕಿಂಕರರು ಒಬ್ಬನ ಬದಲು ಇನ್ನೊಬ್ಬನನ್ನು ಎಳೆತಂದರು. ಭೂಲೋಕದ ಪುಢಾರಿ ಯಮಲೋಕದಲ್ಲಿ ಯೂನಿಯನ್ ಕಟ್ಟಿದ. ನಾಟಕವಿರಲಿ ಸಿನಿಮಾವಿರಲಿ, ಇದು ಆಫೀಸಿನ ತಮಾಷೆ. ಯಮನ ಹೆಸರಿನಲ್ಲಿ ನಾವು ತಾಲ್ಲೂಕು ಕಚೇರಿಯನ್ನು ನೋಡಿ ನಗುತ್ತೇವೆ. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಬಾಗಿಲುಗಳ ಮೇಲೆ ‘ನಾಳೆ ಬಾ’ ಅಂತ ಬರೆದಿದ್ದು ನೆನಪಿರಬೇಕು. ರಾತ್ರಿ ದೆವ್ವ ಬಂದು ಮನೆಯವರದೇ ದನಿಯಲ್ಲಿ ಕರೆಯುತ್ತದೆ, ಬಾಗಿಲು ತೆರೆದರೆ ಸತ್ತೆವು ಅನ್ನುವ ಸುದ್ದಿ. ನಮ್ಮ ಬೀದಿಯಲ್ಲಿ ಬರೆದವರು ಚಿಕ್ಕಪ್ಪ. ಅಕ್ಷರ ದುಂಡಗಿದೆ ಅಂತ ಆರು ಮನೆಯವರು ಅವರನ್ನೇ ಕರೆದಿದ್ದರು. ಕೌಂಟರಿನಲ್ಲಿ ನಮಗೆ ಸಿಗುವ ಉತ್ತರವನ್ನೇ ನಾವು ಸಾವಿಗೂ ಕೊಟ್ಟೆವು.

ಪ್ರಾಚೆಟ್ ಅವರ ಡೆತ್‌ನ ಹತ್ತಿರ ಈ ಆಟ ನಡೆಯುವುದಿಲ್ಲ, ಯಾಕೆಂದರೆ ಅವನ ಬಳಿ ಪಾಪಪುಣ್ಯದ ಖಾತೆಯೇ ಇಲ್ಲ. ಇರುವುದು ಒಬ್ಬೊಬ್ಬರಿಗೆ ಒಂದೊಂದು ಮರಳುಗಡಿಯಾರ. ಮರಳು ಮುಗಿದಾಗ ಬರುತ್ತಾನೆ, ಅಷ್ಟೇ. ಅವನನ್ನು ಕರುಣಾಳು ತಾತನ ಹಾಗೆ ಓದುವ ಅಭಿಮಾನಿಗಳು ಬಹಳ. ನನಗೆ ಅದು ಒಪ್ಪಿಗೆಯಿಲ್ಲ. ಮೊದಲ ಕಾದಂಬರಿಯಲ್ಲಂತೂ ಅವನು ಕುಹಕಿ. 1987ರ ‘ಮಾರ್ಟ್’ ಹೊತ್ತಿಗೆ ಬದಲಾಗಿದ್ದಾನೆ: ಒಬ್ಬ ಹುಡುಗನನ್ನು ಕೆಲಸ ಕಲಿಯಲು ಇಟ್ಟುಕೊಂಡು, ಜವಾಬ್ದಾರಿ ಅವನ ತಲೆಗೆ ಕಟ್ಟಿ, ತಾನು ಹೋಟೆಲಿನ ಅಡುಗೆಮನೆ ಸೇರುತ್ತಾನೆ. ಬೆಕ್ಕು ಕಂಡರೆ ಪ್ರಾಣ. ಇದೆಲ್ಲ ಕರುಣೆಗಿಂತ ಹೆಚ್ಚಾಗಿ ಕುತೂಹಲ. ಇಷ್ಟು ಬೇಗ ಮುಗಿದುಹೋಗುವ ಈ ಜನ ಯಾಕೆ ಇಷ್ಟೊಂದು ಗಡಿಬಿಡಿ ಮಾಡುತ್ತಾರೆ ಅಂತ ಅವನಿಗೆ ಅರ್ಥವಾಗುವುದಿಲ್ಲ, ಅದಕ್ಕೇ ನಮ್ಮನ್ನು ಬಿಟ್ಟು ಕಣ್ಣು ತೆಗೆಯುವುದಿಲ್ಲ. ನಮ್ಮ ಕಥೆಯಲ್ಲಿ ಮನುಷ್ಯ ಯಮನಿಗೆ ಟೋಪಿ ಹಾಕಲು ನೋಡುತ್ತಾನೆ. ಅಲ್ಲಿ ಯಮನೇ ಮನುಷ್ಯನಾಗಲು ನೋಡಿ ಸೋಲುತ್ತಾನೆ.

1991ರ ‘ರೀಪರ್ ಮ್ಯಾನ್’ನಲ್ಲಿ ಅವನ ಕೆಲಸವೇ ಹೋಗುತ್ತದೆ. ಬಿಲ್ ಡೋರ್ ಅಂತ ಹೆಸರಿಟ್ಟುಕೊಂಡು ಒಬ್ಬ ವಯಸ್ಸಾದ ಹೆಂಗಸಿನ ಹೊಲದಲ್ಲಿ ಕೂಲಿಗೆ ಸೇರುತ್ತಾನೆ. ಕೊಯ್ಲಿಗೆ ಇಳಿದರೆ ಒಂದೇ ಬೀಸಿಗೆ ಸಾಲು ಉರುಳಿಸುವುದಿಲ್ಲ. ಒಂದು ದಂಟು, ಆಮೇಲೆ ಇನ್ನೊಂದು ದಂಟು. ಆ ಪುಟವನ್ನು ಎಷ್ಟು ಸಲ ಓದಿದ್ದೇನೋ. ಯಾರನ್ನೂ ಗುಂಪಿನಲ್ಲಿ ಸೇರಿಸದೆ ಒಬ್ಬೊಬ್ಬರ ಕಡೆಯೂ ಬೇರೆಬೇರೆಯಾಗಿ ತಿರುಗುವುದು, ಅವನಿಗೆ ತಿಳಿದ ಮರ್ಯಾದೆ ಅದೊಂದೇ. ಪ್ರಾಚೆಟ್ ಅವರಿಗೆ ಅಪರೂಪದ ಬಗೆಯ ಆಲ್‌ಝೈಮರ್ಸ್ ಇದೆಯೆಂದು 2007ರಲ್ಲಿ ಗೊತ್ತಾಯಿತು. 2015ರ ಮಾರ್ಚ್ 12ರಂದು ತೀರಿಕೊಂಡರು. ಸಾಯುವ ಹಾಸಿಗೆಯಲ್ಲಿದ್ದ ಓದುಗರು ‘ನಮ್ಮನ್ನು ಕರೆದೊಯ್ಯಲು ಬರುವವನು ನಿಮ್ಮ ಡೆತ್‌ನ ಹಾಗಿರಲಿ’ ಅಂತ ಅವರಿಗೆ ಕಾಗದ ಬರೆಯುತ್ತಿದ್ದರಂತೆ. ನಮ್ಮಲ್ಲಿ ಯಮ ಹೀಗಿರಲಿ ಅಂತ ಯಾರೂ ಬೇಡಿಕೊಂಡದ್ದು ನಾನು ಕೇಳಿಲ್ಲ. ಅವನ ಕಿಂಕರರು ಬಾರದಿರಲಿ, ಬೇರೆ ಯಾರಾದರೂ ಬರಲಿ ಅಂತಲೇ ಪ್ರಾರ್ಥನೆ.

ಹಾಗಂತ ನಮ್ಮಲ್ಲಿ ಇಂಥದ್ದು ಇರಲೇ ಇಲ್ಲವೆಂದಲ್ಲ. ಮಹಾಭಾರತದ ಶಾಂತಿಪರ್ವದಲ್ಲಿ ಬ್ರಹ್ಮ ಮೃತ್ಯುವನ್ನು ಹೆಣ್ಣಾಗಿ ಸೃಷ್ಟಿಸುತ್ತಾನೆ. ಜನರನ್ನು ಕೊಲ್ಲು ಅಂದರೆ ಅವಳು ಅಳುತ್ತಾಳೆ, ಒಲ್ಲೆ ಅನ್ನುತ್ತಾಳೆ, ತಪ್ಪಿಸಿಕೊಳ್ಳಲು ತಪಸ್ಸು ಮಾಡುತ್ತಾಳೆ. ಅವಳ ಕಣ್ಣೀರನ್ನು ಬ್ರಹ್ಮ ಬೊಗಸೆಯಲ್ಲಿ ಹಿಡಿದು, ಇವೇ ರೋಗಗಳಾಗುತ್ತವೆ, ಕೊಂದ ಪಾಪ ನಿನಗಿಲ್ಲ ಅನ್ನುತ್ತಾನೆ. ಹದಿಮೂರು ದಿನದಲ್ಲಿ ಒಂದು ದಿನವಾದರೂ ಈ ಕಥೆ ಓದಬಾರದೇ? ಪುರೋಹಿತರನ್ನು ಕೇಳಿದೆ. “ಪದ್ಧತಿ ಇಲ್ಲ” ಅಂದರು.

ಡೆತ್‌ನ ಮಾತನ್ನು ಚಿಕ್ಕಮ್ಮನಿಗೆ ಕನ್ನಡದಲ್ಲಿ ಹೇಳಲು ಹೊರಟಾಗ ಸಿಕ್ಕಿಬಿದ್ದೆ. ಪುಸ್ತಕದಲ್ಲಿ ಅವನ ಮಾತಿಗೆ ಉದ್ಧರಣ ಚಿಹ್ನೆ ಇಲ್ಲ, ಎಲ್ಲವೂ ದೊಡ್ಡಕ್ಷರದ ರೂಪದಲ್ಲಿ, ಕಲ್ಲಿನ ಮೇಲೆ ಕೆತ್ತಿದ ಹಾಗೆ. ಕನ್ನಡದಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಎಲ್ಲಿವೆ? ಹಳಗನ್ನಡದಲ್ಲಿ ಮಾತಾಡಿಸಿದರೆ ಯಕ್ಷಗಾನದ ಯಮನಾಗುತ್ತಾನೆ, ‘ಎಲವೋ’ ಅನ್ನುತ್ತಾನೆ. ‘ಯಮ ಬಂದ’ ಅಂದರೆ ನ್ಯಾಯಾಧೀಶ ಬಂದ. ‘ಸಾವು ಬಂತು’ ಅಂದರೆ ಮಳೆ ಬಂತು, ಬಸ್ಸು ಬಂತು ಅಂದಹಾಗೆ, ಅಲ್ಲಿ ಯಾರೂ ಇಲ್ಲ. ಎಲ್ಲಕ್ಕಿಂತ ದೊಡ್ಡ ತೊಡಕು, ಇಂಗ್ಲಿಷಿನ ‘ಯು’. ಅವನು ರಾಜನಿಗೂ ಭಿಕ್ಷುಕನಿಗೂ ಹೇಳುವ ಒಂದೇ ‘ಯು’ ನಮ್ಮಲ್ಲಿ ನೀನೋ ನೀವೋ? ಯಮ ಯಾರನ್ನಾದರೂ ಬಹುವಚನದಲ್ಲಿ ಕರೆದದ್ದು ನಾನು ಯಾವ ರಂಗದ ಮೇಲೂ ಕಂಡಿಲ್ಲ.

ಚಿಕ್ಕಪ್ಪನಿಗೆ ಇದು ಸಣ್ಣ ವಿಷಯವಾಗಿರಲಿಲ್ಲ. ಹೈಸ್ಕೂಲ್ ಹೆಡ್‌ಮಾಸ್ಟರಾಗಿ ರಿಟೈರ್ ಆದವರು, ಒಂಬತ್ತನೇ ಕ್ಲಾಸಿನ ಹುಡುಗರನ್ನೂ ‘ನೀವು’ ಅನ್ನುತ್ತಿದ್ದವರು. ಕೊನೆಯ ವಾರ ಆಸ್ಪತ್ರೆಯಲ್ಲಿ, ರಕ್ತ ತೆಗೆಯಲು ಬಂದವನು “ಏ ತಾತ, ಕೈ ಚಾಚು” ಅಂದನಂತೆ. ಇವರು ಮುಷ್ಟಿ ಬಿಗಿಹಿಡಿದು ಗೋಡೆ ಕಡೆ ತಿರುಗಿಕೊಂಡರಂತೆ. “ಕೈ ಕೊಡಿ ಅನ್ನಪ್ಪ, ಕೊಡ್ತಾರೆ” ಅಂತ ಚಿಕ್ಕಮ್ಮನೇ ಹೇಳಿಕೊಡಬೇಕಾಯಿತು.

ಕಾಫಿ ಲೋಟ ಕೆಳಗಿಟ್ಟು ಚಿಕ್ಕಮ್ಮ ಪುಸ್ತಕ ತೆಗೆದುಕೊಂಡರು. ಕನ್ನಡಕವಿಲ್ಲದೆ ಆ ಅಕ್ಷರ ಅವರಿಗೆ ಕಾಣುವುದಿಲ್ಲ. ಸುಮ್ಮನೆ ಹಾಳೆ ತಿರುಗಿಸಿದರು.

“‘ನೀವು’ ಅಂತಲೇ ಬರಿ” ಅಂದರು. “ಇಲ್ದಿದ್ರೆ ನಿಮ್ಮ ಚಿಕ್ಕಪ್ಪ ಎದ್ದು ಹೋಗ್ತಿರ್ಲಿಲ್ಲ.”